ಐಡಿಯಾ ಬರದೆ ಕೂತವರನ್ನು ಅಧ್ಯಯನ ಮಾಡೋದು ಹೇಗೆ?

ಪುಣೆಯಲ್ಲಿ ಡಿಸೈನ್ ಓದುವ ನಮ್ಮ ಕನ್ನಡದ ಹುಡುಗರು ಥೀಸಿಸ್ ಹೊತ್ತಿಗೆ ಕೇಳೋದು ಇದನ್ನೇ: ಪ್ರಯೋಗ ಮಾಡ್ಲಾ, ಡೈರಿ ಬರೆಸ್ಲಾ?

ಪ್ರಯೋಗದ ಬಲ ಅಂದರೆ ಕಾರಣ ತೋರಿಸುತ್ತದೆ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಪ್ರಕಟಿಸಿದ ಅಧ್ಯಯನ ನೋಡಿ. ಕಾಫಿ ಚೆಲ್ಲದ ಕಪ್ ಡಿಸೈನ್ ಮಾಡಿ, ಆದರೆ ಸ್ಟ್ರಾ ಬೇಡ ಅಂತ ಭಾಗವಹಿಸಿದವರಿಗೆ ಹೇಳಿದ್ದರು. ಆದರೂ ಸ್ಟ್ರಾ ಇರುವ ಮಾದರಿ ಕಂಡವರು ಅದನ್ನೇ ಮತ್ತೆ ಮತ್ತೆ ಬಿಡಿಸಿದರು. ಎಷ್ಟು ಚೆನ್ನಾಗಿದೆ ಅಲ್ವಾ! ಆದರೆ ಇದು ಕಂಡ ಮಾದರಿಗೆ ಅಂಟಿಕೊಳ್ಳುವ ಕಥೆ. ವಾರಗಟ್ಟಲೆ ಖಾಲಿ ಹಾಳೆ ನೋಡುತ್ತಾ ಕೂರುವ ಸಂಕಟ ಒಂದು ಗಂಟೆಯ ಪ್ರಯೋಗದಲ್ಲಿ ಸಿಗುವುದಿಲ್ಲ.

ಅದಕ್ಕೆ ಡೈರಿ ಬೇಕು. ಪುಣೆಯ ಕೋಥ್ರೂಡ್‌ ಬಡಾವಣೆಯ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ತಲೆ ಓಡದೆ ನಿಂತದ್ದು, ಮರುದಿನ ಬಸ್ಸಿನಲ್ಲಿ ಸುಮ್ನೆ ಹೊಳೆದದ್ದು ಎಲ್ಲ ಅಲ್ಲೇ ಬರುತ್ತದೆ. ತೊಂದರೆ ಒಂದೇ, ತಲೆ ಕೆಟ್ಟ ದಿನವೇ ಜನ ಡೈರಿ ಮುಟ್ಟುವುದಿಲ್ಲ. ಹಾಗಾಗಿ ದಿನಕ್ಕೆ ಎರಡು ಸಲ ಫೋನಿಗೆ ಚಿಕ್ಕ ಪ್ರಶ್ನೆ ಕಳಿಸಿ, ಧ್ವನಿಯಲ್ಲೇ ಉತ್ತರ ಪಡೆಯಿರಿ, ಕನ್ನಡದವರಾದರೆ ಕನ್ನಡದಲ್ಲೇ ಮಾತಾಡಲಿ.

ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಬಿಡಿಸುವ ವಿಧಾನವೂ ಇದೆ, ಆದರೆ ಕೈ ನಿಂತಾಗ ಬಾಯಿಯೂ ನಿಲ್ಲುತ್ತದೆ. ಬರೀ ಸಂದರ್ಶನ ಸಾಲದು, ನೆನಪು ಕಥೆಯನ್ನು ನಯ ಮಾಡಿಬಿಡುತ್ತದೆ.

ಒಂದೇ ಸೆಮಿಸ್ಟರ್ ಇದ್ದರೆ ಆರೆಂಟು ಜನರಿಂದ ಎರಡು ವಾರ ಡೈರಿ ಬರೆಸಿ, ಕೊನೆಗೆ ಆ ಡೈರಿಯನ್ನೇ ಮುಂದಿಟ್ಟು ಸಂದರ್ಶನ ಮಾಡಿ.