ನೆಲದ ಸೆನ್ಸರ್, ಮೋಟಾರ್ ವಾಲ್ವ್, ಹರಿವಿನ ಮೀಟರು: ವಿಮೆ ಕೈಬಿಡುವ ಕಡೆ ಯಾವುದು ಕಾಯುತ್ತದೆ?

ಮನೆ ವಿಮೆಯಲ್ಲಿ ನೀರಿನ ಹಾನಿಯ ಷರತ್ತುಗಳನ್ನು ಓದಿದರೆ ನಡುವೆ ಒಂದು ಗೆರೆ ಕಾಣುತ್ತದೆ. ಪೈಪು ಇದ್ದಕ್ಕಿದ್ದಂತೆ ಒಡೆದು ನೆಲ ತೋಯ್ದರೆ ಸಾಮಾನ್ಯವಾಗಿ ಪರಿಹಾರ ಉಂಟು. ತಿಂಗಳುಗಟ್ಟಲೆ ಜಿನುಗಿ ಗೋಡೆ ಉಬ್ಬಿದರೆ, ಬೂಷ್ಟು ಹಿಡಿದರೆ, ಅದನ್ನು ನಿರ್ವಹಣೆಯ ಲೋಪವೆಂದು ಬಹುತೇಕ ಪಾಲಿಸಿಗಳು ಹೊರಗಿಡುತ್ತವೆ. ಹಾಗಾಗಿ ನೀರಿನ ಸೋರಿಕೆ ಕಾಯುವ ಈ ಮೂರು ಸಾಧನಗಳನ್ನೂ ಹಾಕಿ ನೋಡುವಾಗ ಕೇಳಿಕೊಂಡ ಪ್ರಶ್ನೆ ಎರಡೇ: ಒಡೆದಾಗ ನೀರು ನಿಲ್ಲಿಸುತ್ತದೆಯೇ? ಜಿನುಗುವಾಗ ತಿಳಿಸುತ್ತದೆಯೇ?

ಎರಡರ ಅಳತೆಯೂ ಅಜಗಜಾಂತರ. ನಿಮಿಷಕ್ಕೆ 10 ಲೀಟರು ಸುರಿಯುವ ಹೋಸ್ 8 ಗಂಟೆಯಲ್ಲಿ 4,800 ಲೀಟರು ಚೆಲ್ಲುತ್ತದೆ. ಸೆಕೆಂಡಿಗೊಂದು ಹನಿ ಬಿದ್ದರೆ, 20 ಹನಿಗೆ 1 ಮಿಲಿಲೀಟರು ಎಂದು ಹಿಡಿದರೂ, ದಿನಕ್ಕೆ ಸುಮಾರು 4.3 ಲೀಟರು. ಕಣ್ಣಿಗೆ ಬೀಳದೆ ಮರದ ಕಪಾಟನ್ನು ಕೊಳೆಸಲು ಅಷ್ಟು ಸಾಕು.

ನೆಲದ ಸೆನ್ಸರ್ ಅತಿ ಸರಳ. ಅಡಿಯಲ್ಲಿರುವ ಎರಡು ಲೋಹದ ಮೊಳೆಗಳ ನಡುವೆ ನೀರು ಬಂದರೆ ಸರ್ಕ್ಯೂಟ್ ಕೂಡಿ ಕೂಗುತ್ತದೆ. ತೊಂದರೆ ಬರುವುದು ಜಾಗದ ಆಯ್ಕೆಯಲ್ಲಿ. ಟೈಲ್ಸ್ ನೆಲಕ್ಕೆ ಇಳಿಜಾರಿದ್ದರೆ ನೀರು ಸೆನ್ಸರಿನಿಂದ ಒಂದು ಗೇಣು ಆಚೆ ಹರಿದುಹೋಗುತ್ತದೆ, ಸೆನ್ಸರ್ ಸುಮ್ಮನೆ ಕೂತಿರುತ್ತದೆ. ಮೊದಲು ಅರ್ಧ ಲೋಟ ನೀರು ಚೆಲ್ಲಿ ಎಲ್ಲಿ ನಿಲ್ಲುತ್ತದೆಂದು ನೋಡಿ, ಅಲ್ಲೇ ಇಡಿ. ಸಿಂಕಿನ ಕೆಳಗೆ, ಗೀಸರಿನ ಕೆಳಗೆ, ವಾಷಿಂಗ್ ಮಷೀನಿನ ಹಿಂದೆ ಒಂದೊಂದು ಬೇಕು. ಆರ್‌ಓ ಶುದ್ಧೀಕರಿಸಿದ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಅಷ್ಟು ಸಲೀಸಾಗಿ ಹರಿಯದು. ಆ ಯಂತ್ರದ ಕೆಳಗೆ ಇಡುವ ಸೆನ್ಸರನ್ನು ಅದೇ ನೀರಿನಿಂದ ಪರೀಕ್ಷಿಸಿ, ನಲ್ಲಿ ನೀರಿನಿಂದಲ್ಲ. ಹಗ್ಗದಂಥ ಸೆನ್ಸರ್ ಹೆಚ್ಚು ಜಾಗ ಕಾಯುತ್ತದೆ ನಿಜ, ಆದರೆ ಸೋಪಿನ ಪುಡಿಯೂ ತೇವವೂ ಅಂಟಿದರೆ ಸುಳ್ಳು ಕೂಗು ಹಾಕುತ್ತದೆ. ಜಿನುಗಿಗೆ ಮೂರರಲ್ಲಿ ಇದೇ ಮೇಲು; ಗೋಡೆಯೊಳಗಿನ ಪೈಪಿಗೆ ಮಾತ್ರ ಇದು ಕುರುಡು. ಮನೆಯಲ್ಲಿ ಯಾರೂ ಇಲ್ಲದಾಗ ಕೂಗಿ ಫಲವೂ ಇಲ್ಲ.

ಆ ಕೊರತೆಯನ್ನು ತುಂಬುವುದು ಮೋಟಾರ್ ವಾಲ್ವ್. ಇದು ಈಗಿರುವ ವಾಲ್ವಿನ ಹಿಡಿಯನ್ನು ಹಿಡಿದು ತಿರುಗಿಸುತ್ತದೆ, ಪೈಪು ಕತ್ತರಿಸಬೇಕಿಲ್ಲ. ಒಂದೇ ಷರತ್ತು: ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಇರಬೇಕು. ಚಕ್ರದಂಥ ಹಿಡಿಯ ಗೇಟ್ ವಾಲ್ವಿಗೆ ಇದು ಹೊಂದುವುದಿಲ್ಲ. ವರ್ಷಗಟ್ಟಲೆ ಮುಟ್ಟದ ಬಾಲ್ ವಾಲ್ವ್ ಸುಣ್ಣ ಕಟ್ಟಿ ಬಿಗಿದಿರುತ್ತದೆ. ಆಗ ಮೋಟಾರು ತಿರುಗುತ್ತದೆ, ಹಿಡಿ ಅಲುಗುವುದಿಲ್ಲ, ಬದಲಿಗೆ ಬ್ರಾಕೆಟ್ಟೇ ಪೈಪಿನ ಮೇಲೆ ಜಾರುತ್ತದೆ. ಎರಡು ಬೆರಳಲ್ಲಿ ಹಿಡಿ ತಿರುಗದಿದ್ದರೆ ವಾಲ್ವನ್ನೇ ಬದಲಿಸಿ, ಆಮೇಲೆ ಮೋಟಾರು ಕೊಳ್ಳಿ. ತಿಂಗಳಿಗೊಮ್ಮೆ ಮುಚ್ಚಿ ತೆರೆದರೆ ಮತ್ತೆ ಬಿಗಿಯದು. ಇದಕ್ಕೆ ಸ್ವಂತ ಕಣ್ಣಿಲ್ಲ ಎಂಬುದೂ ನೆನಪಿರಲಿ: ನೆಲದ ಸೆನ್ಸರ್ ಹೇಳಿದರಷ್ಟೇ ಮುಚ್ಚುತ್ತದೆ. ಕರೆಂಟು ಹೋದಾಗಲೂ ಓಡುವ ಬ್ಯಾಟರಿ ಇಲ್ಲದ ಮಾದರಿ ಬೇಡ.

ಹರಿವಿನ ಮೀಟರನ್ನು ಮುಖ್ಯ ಪೈಪು ಕತ್ತರಿಸಿಯೇ ಕೂರಿಸಬೇಕು. ಮೂರರಲ್ಲಿ ದುಬಾರಿ, ಜಾಣತನವೂ ಹೆಚ್ಚು: ಮಾಮೂಲಿಗಿಂತ ಹೆಚ್ಚು ಹೊತ್ತು ನೀರು ಹರಿದರೆ ತನ್ನೊಳಗಿನ ವಾಲ್ವನ್ನು ತಾನೇ ಮುಚ್ಚುತ್ತದೆ. ಗಿಡಗಳಿಗೆ ನೀರು ಬಿಟ್ಟಾಗಲೂ ಮುಚ್ಚುತ್ತದೆ, ಮೊದಲ ಎರಡು ವಾರ ಇದೇ ಗೋಳು. ಒಳಗೆ ಚಕ್ರವಿರುವ ಮಾದರಿಯಲ್ಲಿ ಸಣ್ಣ ಹನಿಗೆ ಚಕ್ರ ತಿರುಗುವುದೇ ಇಲ್ಲ. ಅದಕ್ಕೆಂದೇ ಕೆಲವು ಮಾದರಿಗಳು ರಾತ್ರಿ ವಾಲ್ವ್ ಮುಚ್ಚಿ, ಪೈಪಿನೊಳಗಿನ ಒತ್ತಡ ಇಳಿಯುತ್ತದೆಯೇ ಎಂದು ಕೆಲವು ನಿಮಿಷ ನೋಡುತ್ತವೆ. ಗೋಡೆಯೊಳಗಿನ ಜಿನುಗನ್ನು ಹಿಡಿಯುವುದು ಈ ಪರೀಕ್ಷೆ ಮಾತ್ರ. ಆದರೆ ಅದಕ್ಕೆ ಒತ್ತಡವೇ ಬೇಕು. ನೀರು ಮಹಡಿಯ ಟ್ಯಾಂಕಿನಿಂದ ಇಳಿಯುವುದಾದರೆ 10 ಮೀಟರು ಎತ್ತರಕ್ಕೆ ಸಿಗುವ ಒತ್ತಡ ಸುಮಾರು 1 ಬಾರ್. ನಲ್ಲಿಗಿಂತ ಟ್ಯಾಂಕು 3 ಮೀಟರು ಮೇಲಿದ್ದರೆ 0.3 ಬಾರ್ ಅಷ್ಟೆ. ಅಷ್ಟರಲ್ಲಿ ಈ ಪರೀಕ್ಷೆಯನ್ನು ನಂಬಲಾಗದು. ಅಂಥ ಮನೆಗೆ ಇದನ್ನು ಹಾಕಿಸಬೇಡಿ.

ಮೂರರಲ್ಲಿ ಒಂದೇ ಬಗೆಯದನ್ನು ಕೊಳ್ಳುವುದಾದರೆ ನಾಲ್ಕು ನೆಲದ ಸೆನ್ಸರ್, ಜೊತೆಗೆ ಹೊಸ ಬಾಲ್ ವಾಲ್ವ್. ಮನೆ ಆಗಾಗ ಖಾಲಿ ಬಿದ್ದಿರುವುದಾದರೆ ಮೋಟಾರು ಸೇರಿಸಿ.

ವಾಷಿಂಗ್ ಮಷೀನಿನ ಹೋಸನ್ನು ಮಾತ್ರ ಯಾವ ಸಾಧನಕ್ಕೂ ಒಪ್ಪಿಸಿ ಮರೆಯಬೇಡಿ. ಹೊರಗೆ ಉಕ್ಕಿನ ಜಾಲರಿ ಹೆಣೆದಿದ್ದರೂ ಒಳಗಿರುವುದು ರಬ್ಬರು ಅಥವಾ ಪ್ಲಾಸ್ಟಿಕ್ಕೇ. ಸುಮಾರು 5 ವರ್ಷಕ್ಕೆ ಬದಲಿಸಿ. ನಟ್ಟನ್ನು ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಪ್ಲಾಸ್ಟಿಕ್ ನಟ್ಟಿಗೆ ಸ್ಪ್ಯಾನರೇ ಬೇಡ, ಕೂದಲೆಳೆಯಷ್ಟು ಬಿರುಕು ಬಿಟ್ಟು ಅಲ್ಲಿಂದಲೇ ಜಿನುಗಲು ಶುರುವಾಗುತ್ತದೆ.

ಸೆನ್ಸರಿನ ಇನ್ನೊಂದು ಉಪಯೋಗ ಕ್ಲೇಮಿನ ಹೊತ್ತಿಗೆ ತಿಳಿಯುತ್ತದೆ. ಫೋನಿಗೂ ಎಚ್ಚರಿಕೆ ಕಳಿಸುವ ಮಾದರಿಯಾದರೆ ಅದರಲ್ಲಿ ದಿನಾಂಕ, ಗಂಟೆ ಎರಡೂ ಇರುತ್ತವೆ. ನೀರು ಹಠಾತ್ತಾಗಿ ಬಂತೆನ್ನಲು ಅದು ಒಳ್ಳೆಯ ಆಧಾರ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನೀರು ನಿಲ್ಲಿಸಿ, ಒರೆಸುವ ಮೊದಲು ಫೋಟೋ ತೆಗೆಯಿರಿ. ಒಣಗಿಸುವುದನ್ನು ವಿಮೆಯ ಪರವಾಗಿ ಹಾನಿ ನೋಡುವ ಸರ್ವೇಯರ್ ಬರುವ ತನಕ ಮುಂದೂಡಬೇಡಿ: 24ರಿಂದ 48 ಗಂಟೆಯಲ್ಲಿ ಬೂಷ್ಟು ಶುರುವಾಗಬಹುದು, ಹಾನಿ ಹೆಚ್ಚಲು ಬಿಟ್ಟರೆಂದು ಪರಿಹಾರವನ್ನೂ ಕಡಿತ ಮಾಡಬಹುದು. ಒಡೆದ ಹೋಸನ್ನೋ ವಾಷರನ್ನೋ ಪ್ಲಂಬರ್ ಎಸೆಯುವ ಮೊದಲು ಇಸಿದುಕೊಂಡು ಚೀಲದಲ್ಲಿ ಹಾಕಿಡಿ.