ಗುಲ್ಮಾರ್ಗ್: ಸ್ಕೀ ಪ್ಯಾಟ್ರೋಲ್‌ನವರ ಗೆರೆ ದಾಟಿ ಗೈಡ್ ಜೊತೆ ಸ್ಕೀ ಮಾಡಿದ್ದು ಹೇಗಿತ್ತು

ಕಾಶ್ಮೀರದ ಗುಲ್ಮಾರ್ಗ್ ಅಂದರೆ ನಮ್ಮ ಕಡೆಯವರಿಗೆ ಗೊಂಡೋಲಾ (ಕೇಬಲ್ ಕಾರ್), ಸ್ಲೆಡ್ಜ್, ಬಾಡಿಗೆ ಬೂಟು, ಒಂದಷ್ಟು ಫೋಟೊ. ಸ್ಕೀ ಬರುವವರಿಗೆ ಅದೇ ಗೊಂಡೋಲಾ ಬೇರೆಯೇ ಲೋಕಕ್ಕೆ ಬಾಗಿಲು. 2005ರಲ್ಲಿ ಶುರುವಾದ ಎರಡನೇ ಹಂತ ಕೊಂಗ್‌ಡೋರಿಯಿಂದ ಅಫರ್ವಾತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಅಲ್ಲಿ ಯಂತ್ರದಿಂದ ಸಮ ಮಾಡಿದ ದಾರಿ ಇಲ್ಲ. ಗೊಂಡೋಲಾ ಕೆಳಗಿನ ಬೌಲ್ (ಬಟ್ಟಲಿನಾಕಾರದ ಇಳಿಜಾರು) ಒಂದನ್ನು ಸ್ಕೀ ಪ್ಯಾಟ್ರೋಲ್, ಅಂದರೆ ಬೆಟ್ಟದ ಸುರಕ್ಷತಾ ತಂಡ, ನೋಡಿಕೊಳ್ಳುತ್ತದೆ, ಹಿಮ ಜಾಸ್ತಿ ಬಿದ್ದಾಗ ಸಿಡಿಮದ್ದು ಹಾಕಿ ಇಳಿಸುತ್ತದೆ. ಅವರು ನೋಡಿಕೊಳ್ಳುವ ಜಾಗದ ಗೆರೆ ದಾಟಿದರೆ ಎಲ್ಲದಕ್ಕೂ ನೀವೇ ಜವಾಬ್ದಾರರು.

ನಾನು ಹೋಗಿದ್ದು ಸ್ಥಳೀಯ ಗೈಡ್ ಒಬ್ಬರ ಜೊತೆ, ನಾಲ್ಕು ಜನರ ಗುಂಪಿನಲ್ಲಿ. ದುಡ್ಡು ಕಡಿಮೆಯೇನಲ್ಲ, ಆದರೆ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಬೆಳಗ್ಗೆ ಮೊದಲು ಎಲ್ಲರ ಟ್ರಾನ್ಸೀವರ್ (ಹಿಮದಡಿ ಸಿಕ್ಕಿದವರನ್ನು ಹುಡುಕಲು ಮೈಮೇಲೆ ಕಟ್ಟಿಕೊಳ್ಳುವ ರೇಡಿಯೋ ಸಾಧನ) ಆನ್ ಮಾಡಿಸಿ ಒಬ್ಬೊಬ್ಬರನ್ನೇ ತಮ್ಮ ಮುಂದೆ ನಡೆಸಿ ಪರೀಕ್ಷೆ ಮಾಡಿದರು. ಅಲ್ಲೇ ಗೊತ್ತಾಯಿತು, ನಾನು ಒಂದು ಅಂಗಡಿಯಿಂದ ಬಾಡಿಗೆಗೆ ತಂದಿದ್ದರ ಬ್ಯಾಟರಿ ಅರ್ಧ ಖಾಲಿ, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕಡ್ಡಿಯ ದಾರ ಕಿತ್ತುಹೋಗಿದೆ. ಅಂಗಡಿಯವನು "ಸಬ್ ಠೀಕ್ ಹೈ ಸರ್" ಅಂದಿದ್ದ! ಗೈಡ್ ತಮ್ಮ ಚೀಲದಿಂದಲೇ ಎರಡನ್ನೂ ಬದಲಿಸಿ ಕೊಟ್ಟರು. ಹಿಮದಡಿ ಸಿಕ್ಕಿಕೊಂಡವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಅಗೆದು ತೆಗೆಯದಿದ್ದರೆ ಬದುಕುವ ಸಾಧ್ಯತೆ ಬೇಗ ಕುಸಿಯುತ್ತದೆ, ಅಷ್ಟರೊಳಗೆ ಕೆಳಗಿನಿಂದ ಯಾರೂ ಬರಲ್ಲ. ಹಾಗಾಗಿ ಬಾಡಿಗೆ ಸಾಮಾನಿಗೆ ನನ್ನ ಕಡೆಯಿಂದ ಸೊನ್ನೆ.

ಮೇಲೆ ಹೋದಮೇಲೆ ನಮಗೆಲ್ಲ ಕಣ್ಣಿಗೆ ಬಿದ್ದಿದ್ದು ಗೆರೆಯಾಚೆಯ ಒಂದು ಕಡಿದಾದ ಇಳಿಜಾರು. ಒಬ್ಬರೂ ಇಳಿದಿರಲಿಲ್ಲ, ನಯವಾದ ಪುಡಿ ಹಿಮ, ಬಿಸಿಲು ಬೇರೆ. ಗೈಡ್ ಪಕ್ಕದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿದ ಸಣ್ಣ ಜಾಗದಲ್ಲಿ ಗುಂಡಿ ತೋಡಿ, ಹಿಮದ ಕಂಬ ಕತ್ತರಿಸಿ, ಅದರ ಮೇಲೆ ಸಲಿಕೆ ಇಟ್ಟು ಕೈಯಿಂದ ತಟ್ಟಿದರು. ಸ್ವಲ್ಪ ತಟ್ಟುವುದರಲ್ಲೇ ಮೇಲಿನ ಪದರ ಡ್ರಾಯರ್ ಎಳೆದ ಹಾಗೆ ಜಾರಿ ಬಂತು. ಕೆಳಗೆ ಸಕ್ಕರೆ ಹರಳಿನಂಥ ಸಡಿಲ ಹಿಮ, ಅಂದರೆ ನಾವು ಇಳಿದರೂ ಮೇಲಿನ ಪದರ ಹೀಗೇ ಕುಸಿಯಬಹುದು. "ಆಜ್ ನಹೀಂ" ಅಂದರು, ಅಷ್ಟೇ. ಗುಂಪಿನಲ್ಲಿದ್ದ ಪುಣೆಯವರೊಬ್ಬರು ಗೊಣಗಿದರು, ಪಾಪ ರಜೆ ಹಾಕಿ ಬಂದವರು. ಗೈಡ್ ವಾದಕ್ಕೆ ಇಳಿಯಲಿಲ್ಲ, ಹೊರಟೇಬಿಟ್ಟರು. ಇದೇ ಬೆಟ್ಟದಲ್ಲಿ 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹಿಮಕುಸಿತದಲ್ಲಿ ಸತ್ತಿದ್ದಾರೆ. ಗಿರಾಕಿ ಮುಖ ಸಣ್ಣದಾಯಿತು ಅಂತ ಮನಸ್ಸು ಬದಲಿಸುವ ಗೈಡ್ ಆದರೆ ಕರೆದುಕೊಂಡು ಹೋಗಿ ಏನು ಉಪಯೋಗ, ಅಲ್ವಾ?

ಬದಲಿಗೆ ಇಳಿಜಾರು ಕಡಿಮೆ ಇರುವ ಏಣು ಹಿಡಿದು, ಒಬ್ಬರ ಹಿಂದೆ ಒಬ್ಬರು ಅಂತರ ಬಿಟ್ಟು, ಕಾಡಿಗೆ ಇಳಿದೆವು. ಮೊದಲು ಭೂರ್ಜ ಮರಗಳು, ಆಮೇಲೆ ದಟ್ಟ ಫರ್ ಮರಗಳು. ನಿಜ ಹೇಳಬೇಕಂದರೆ ಇಡೀ ದಿನದಲ್ಲಿ ಚೆನ್ನಾಗಿದ್ದದ್ದೇ ಈ ಕಾಡು, ಮೊಣಕಾಲಿನವರೆಗೆ ಒಣ ಹಿಮ, ತಿರುವು ತಗೊಂಡಾಗೆಲ್ಲ ಮುಖಕ್ಕೆ ಹಾರುತ್ತೆ, ಮರಗಳ ಮಧ್ಯೆ ಜಾಗ ಸಾಕಷ್ಟಿದೆ, ಯಾರೂ ಎದುರಾಗಲ್ಲ. ಕೊನೆಗೆ ತಂಗ್‌ಮಾರ್ಗ್ ಕಡೆ ರಸ್ತೆಗೆ ಬಂದು ಜೀಪ್ ಹತ್ತಿ ವಾಪಸ್. ಹಿಮ ಕಡಿಮೆ ಇದ್ದರೆ ಅಲ್ಲಿಯವರೆಗೆ ಜಾರೋಕಾಗಲ್ಲ, ಸ್ಕೀ ಹೊತ್ತು ನಡೀಬೇಕು.

ಈಗಷ್ಟೇ ಕಲಿತವರು ಇದಕ್ಕೆ ಕೈ ಹಾಕಬೇಡಿ. ಕೆಳಗಿನ ಮಕ್ಕಳ ಇಳಿಜಾರಲ್ಲಿ ನಿಲ್ಲೋಕೆ ಬಂದರೆ ಸಾಲದು, ಯಾವ ಹಿಮದಲ್ಲಾದರೂ ಬೇಕೆಂದ ಕಡೆ ನಿಲ್ಲೋಕೆ ಬರಬೇಕು. ಗಾಳಿ ಜೋರಾದರೆ ಎರಡನೇ ಹಂತ ಮುಚ್ಚುತ್ತಾರೆ, ಅದಕ್ಕೇ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಹೋಗಿ. ಬೆಂಗಳೂರಿನ 900 ಮೀಟರಿಂದ ಹೋದವರಿಗೆ ಮೊದಲ ದಿನ ತಲೆನೋವು ಬರಬಹುದು. ಇನ್ಶೂರೆನ್ಸ್‌ನಲ್ಲಿ ಗೆರೆಯಾಚೆಯ ಸ್ಕೀ ಸೇರಿದೆಯಾ ಅಂತ ಓದಿ ನೋಡಿ. ಮತ್ತೆ ನಮ್ಮ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಇರಲಿ.