ಡಿಬಿಯಲ್ಲಿ ‘ಗೀಸರ್’ ಅಂತ ಬರೆದಿದ್ದರೆ ನಂಬಬೇಡಿ, ಆಫ್ ಮಾಡಿ ನೋಡಿ

ಬಾತ್‌ರೂಮಿಗೆ ಗೀಸರ್ ಹಾಕಿಸುತ್ತಿದ್ದೀರಾ? ಈಗಾಗಲೇ ಹಾಕಿಸಿ ಗೋಡೆಗೆ ಬಣ್ಣವೂ ಆಗಿದೆಯಾ? ಹಾಗಿದ್ದರೆ ದಯವಿಟ್ಟು ಪೂರ್ತಿ ಓದಿ. ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಮನೆಯ ಗೀಸರನ್ನು ಲೈಟಿನ ಲೈನಿಗೆ ಜೋಡಿಸಿ, ಬಿಲ್ಲಿನಲ್ಲಿ ‘ಪ್ರತ್ಯೇಕ ಪವರ್ ಲೈನ್’ ಅಂತ ಬರೆದು ದುಡ್ಡು ತೆಗೆದುಕೊಂಡು ಹೋಗಿದ್ದಾರೆ. ಬರೆಯುವಾಗಲೂ ಕೈ ನಡುಗುತ್ತಿದೆ. ಅಷ್ಟು ಕೋಪ ಇದೆ.

ಬಾತ್‌ರೂಮ್ ರಿಪೇರಿ ಮಾಡಿಸುವಾಗ ಮೊದಲು ಅಲ್ಲಿದ್ದದ್ದು ಒಂದು ಬಲ್ಬಿನ ಪಾಯಿಂಟ್ ಮಾತ್ರ. ನಮಗೆ ಬೇಕಾಗಿದ್ದದ್ದು 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್, ಒಂದು ಎಕ್ಸಾಸ್ಟ್ ಫ್ಯಾನ್, ಕನ್ನಡಿ ಮೇಲೊಂದು ಲೈಟ್, ಹೊರಗೆ ವಾಶ್‌ಬೇಸಿನ್ ಹತ್ತಿರ ಹೇರ್ ಡ್ರೈಯರಿಗೆ ಒಂದು ಪಾಯಿಂಟ್. ಫ್ಯಾನು, ಲೈಟು ಹಳೆಯ ಲೈನಿನಲ್ಲೇ ನಡೆಯುತ್ತವೆ, ತೊಂದರೆ ಇಲ್ಲ. ಸಣ್ಣ ಎಕ್ಸಾಸ್ಟ್ ಫ್ಯಾನ್ ಅಂದರೆ 40 ವ್ಯಾಟ್ ಆಸುಪಾಸು, ಕಾಲು ಆಂಪಿಯರ್ ಕೂಡ ಎಳೆಯುವುದಿಲ್ಲ. ಗೀಸರ್ ಹಾಗಲ್ಲ. 3000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ, 13 ಆಂಪಿಯರ್ ಬರುತ್ತದೆ. ಅದಕ್ಕೇ ನಾನು ಮೊದಲ ದಿನವೇ ಕೇಳಿದ್ದೆ, “ಗೀಸರಿಗೆ ಡಿಬಿಯಿಂದ ಬೇರೆ ಲೈನ್ ಎಳೀತೀರಿ ತಾನೆ?” ಅಂತ. (ಡಿಬಿ ಅಂದರೆ ಮನೆಯ ಎಲ್ಲ ಲೈನುಗಳಿಗೂ ಕರೆಂಟ್ ಹಂಚುವ ಪೆಟ್ಟಿಗೆ.) “ಎಳೀತೀವಿ ಮೇಡಂ, ನಮಗೇ ಹೇಳಿಕೊಡ್ತೀರಾ?” ಅಂದರು. ಕೆಲಸ ಮುಗಿದ ಮೇಲೆ ಡಿಬಿ ಬಾಗಿಲು ತೆಗೆದು ತೋರಿಸಿದರು. ಹೊಸ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. ಅದರ ಕೆಳಗೆ ಮಾರ್ಕರ್‌ನಲ್ಲಿ ‘ಗೀಸರ್’ ಅಂತ ಬರೆದಿತ್ತು. ಇನ್ನೇನು ಬೇಕು, ಅಲ್ವಾ?

ಸ್ವಲ್ಪ ದಿನಕ್ಕೇ ಶುರುವಾಯಿತು. ಗೀಸರ್ ಆನ್ ಮಾಡಿದರೆ ಬಾತ್‌ರೂಮಿನ ಲೈಟು ಮಂಕಾಗುತ್ತಿತ್ತು. ಫೋನ್ ಮಾಡಿದರೆ, “ವೋಲ್ಟೇಜ್ ಪ್ರಾಬ್ಲಂ ಮೇಡಂ, ನಮ್ಮ ಕೈಲಿಲ್ಲ” ಅನ್ನುವ ಉತ್ತರ. ಆಮೇಲೆ ನೀರು ಕಾಯುವ ಮುಂಚೆಯೇ ಎಂಸಿಬಿ ಬೀಳತೊಡಗಿತು. ಅದೂ ಲೈಟಿನ ಎಂಸಿಬಿ! “ಗೀಸರ್ ಹಾಕಿದರೆ ಲೈಟಿಂದು ಯಾಕೆ ಬೀಳುತ್ತೆ?” ಅಂತ ಕೇಳಿದೆ. “ಆ ಎಂಸಿಬಿ ಹಳೇದು, ವೀಕ್ ಆಗಿದೆ, ಚೇಂಜ್ ಮಾಡ್ತೀನಿ” ಅಂದರು. ಬಂದರು, ಬದಲಾಯಿಸಿದರು, ಅದಕ್ಕೂ ಬೇರೆ ಬಿಲ್ ಕೊಟ್ಟರು. ಆಮೇಲೆ ಬೀಳಲೇ ಇಲ್ಲ. ಎಲ್ಲ ಸರಿಹೋಯಿತು ಅಂತಲೇ ಎಲ್ಲರೂ ಅಂದುಕೊಂಡೆವು.

ಸರಿಹೋಗಿದ್ದು ಏನು ಗೊತ್ತಾ? 6 ಆಂಪಿಯರಿನದನ್ನು ತೆಗೆದು 20 ಆಂಪಿಯರಿನದು ಹಾಕಿದ್ದರು. ವೈರ್ ಮಾತ್ರ ಅದೇ, ಲೈಟಿನ ತೆಳು 1 ಸ್ಕ್ವೇರ್ ಎಂಎಂ. ಎಂಸಿಬಿ ಇರುವುದು ಗೀಸರ್ ಕಾಯಲಿಕ್ಕಲ್ಲ, ಗೋಡೆಯೊಳಗಿನ ವೈರ್ ಕಾಯಲಿಕ್ಕೆ. ವೈರ್ ತಾಳುವುದಕ್ಕಿಂತ ಜಾಸ್ತಿ ಕರೆಂಟ್ ಹರಿದರೆ ಅದು ಬೀಳಲೇಬೇಕು. ಒಬ್ಬರು ಸ್ನಾನ ಮಾಡುತ್ತಿರುವಾಗ ಇನ್ನೊಬ್ಬರು ಹೊರಗೆ, ಅದೇ ಲೈನಿಗೆ ಜೋಡಿಸಿದ್ದ ಪಾಯಿಂಟಿನಲ್ಲಿ, 1200 ವ್ಯಾಟಿನ ಡ್ರೈಯರ್ ಹಾಕಿದರೆ ಒಟ್ಟು 18 ಆಂಪಿಯರ್ ಆಯಿತು. 20ರ ಎಂಸಿಬಿ ಆರಾಮಾಗಿ ಕೂತಿರುತ್ತದೆ. ಕರೆಂಟ್ ಮೂರು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ಒಂಬತ್ತು ಪಟ್ಟು. ಅದು ಹುಟ್ಟುವುದು ಕಣ್ಣಿಗೆ ಕಾಣದ ಪೈಪಿನೊಳಗೆ. ನಾವು ಒಳಗೆ ಹಾಯಾಗಿ ಸ್ನಾನ ಮಾಡುತ್ತಿದ್ದೆವು.

ಮೋಸ ಬಯಲಾಗಿದ್ದು ಪ್ಲಂಬರ್ ಬಂದಾಗ. ಗೀಸರಿನ ಪೈಪ್ ಹತ್ತಿರ ನೀರು ಜಿನುಗುತ್ತಿತ್ತು. “ಮೊದಲು ಎಂಸಿಬಿ ಆಫ್ ಮಾಡ್ರಮ್ಮ, ಆಮೇಲೆ ಬಿಚ್ತೀನಿ” ಅಂದರು. ನಾನೇ ಹೋಗಿ ‘ಗೀಸರ್’ ಅಂತ ಬರೆದಿದ್ದ ಎಂಸಿಬಿ ಇಳಿಸಿದೆ. “ಆಫ್ ಆಯ್ತು” ಅಂತ ಕೂಗಿದೆ. ಅವರು ಒಳಗಿಂದ, “ಇಲ್ಲಮ್ಮ, ಲೈಟ್ ಉರೀತಾನೇ ಇದೆ” ಅಂದರು. ಗೀಸರಿನ ಕೆಂಪು ದೀಪ ಆರಿರಲಿಲ್ಲ. ಮತ್ತೆ ಹತ್ತಿಸಿ ಇಳಿಸಿದೆ. ಆರಲಿಲ್ಲ. ಬೇರೆ ಎಲ್ಲವನ್ನೂ ಒಂದೊಂದಾಗಿ ಇಳಿಸುತ್ತಾ ಬಂದೆ. ಲೈಟಿನದು ಇಳಿಸಿದಾಗ ಆರಿತು.

ಪ್ಲಂಬರ್ ನನ್ನ ಮಾತು ನಂಬಿ, ದೀಪ ನೋಡದೆ ಒದ್ದೆ ಕೈಯಲ್ಲಿ ಮುಟ್ಟಿದ್ದರೆ? ಈ ಯೋಚನೆ ಇವತ್ತಿಗೂ ಹೋಗಿಲ್ಲ. ಅವರೆದುರು ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಡಿಬಿ ಬಿಚ್ಚಿಸಿದೆವು. ‘ಗೀಸರ್’ ಎಂಸಿಬಿಗೆ ವೈರೇ ಇಲ್ಲ! ತೋರಿಕೆಗೆ ಒಂದನ್ನು ಕೂರಿಸಿ ಹೆಸರು ಬರೆದಿದ್ದಾರೆ, ಅಷ್ಟೇ. ಬಾತ್‌ರೂಮಿನ ಜಂಕ್ಷನ್ ಬಾಕ್ಸ್ ತೆಗೆದರೆ ಬಲ್ಬಿನ ವೈರಿಗೆ ಗೀಸರ್ ವೈರನ್ನು ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಅಂಟಂಟಾಗಿತ್ತು. ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಪಟಪಟ ಅಂತ ಉದುರುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಸಾಕೆಟ್ಟಿನ ಹಿಂದೆ ಇತ್ತು. ಹಳೆಯ ಲೈಟಿನ ಲೈನಿನಲ್ಲಿ, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ತ್ ವೈರ್ ಇರಲಿಲ್ಲ. ಇವರು ಏನು ಮಾಡಿದ್ದರು ಅಂದರೆ, ಸಾಕೆಟ್ಟಿನ ಅರ್ತ್ ಪಿನ್ನಿಗೆ ನ್ಯೂಟ್ರಲ್ಲಿಂದ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನಿಂದ, ಒಂದು ತುಂಡು ವೈರ್ ಕೊಟ್ಟಿದ್ದರು. ಇದು ಎಂಥ ಕೆಲಸ ಅಂತ ಅರ್ಥ ಮಾಡಿಕೊಳ್ಳಿ. ಎಲ್ಲಾದರೂ ನ್ಯೂಟ್ರಲ್ ಸಡಿಲವಾಗಿ ಬಿಟ್ಟರೆ, ಕಾಯಿಲ್ ಮೂಲಕ ಬಂದ ಕರೆಂಟ್ ಆ ತುಂಡು ವೈರ್ ಹಿಡಿದು ಗೀಸರಿನ ಲೋಹದ ಭಾಗಕ್ಕೆ ಬರುತ್ತದೆ. ಅಲ್ಲಿಂದ ನಲ್ಲಿಗೆ, ನೀರಿಗೆ. ಎಂಸಿಬಿ ಬೀಳುವುದಿಲ್ಲ. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಆರ್‌ಸಿಸಿಬಿಯಂತೂ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಫೋಟೋ ತೆಗೆದು ಆ ಮನುಷ್ಯನಿಗೆ ಕಳಿಸಿದೆ. ಉತ್ತರಗಳನ್ನು ಕೇಳಿ. “ಎಲ್ಲಾ ಮನೇಲೂ ಹೀಗೇ ಮಾಡೋದು ಮೇಡಂ.” “ಟೈಲ್ಸ್ ಒಡೀಬಾರದು ಅಂದ್ರಿ, ಅದಕ್ಕೆ ಅಡ್ಜಸ್ಟ್ ಮಾಡಿದ್ದು.” ನಾನು ಹಾಗೆ ಹೇಳೇ ಇಲ್ಲ! ಲೈನ್ ಎಳೆಯುವ ಹೊತ್ತಿಗೆ ಟೈಲ್ಸ್ ಬಂದೇ ಇರಲಿಲ್ಲ. “ಹಾಗಾದರೆ ಡಿಬಿಯಲ್ಲಿ ಖಾಲಿ ಎಂಸಿಬಿ ಯಾಕೆ ಇಟ್ಟಿರಿ?” ಅಂತ ಕೇಳಿದೆ. “ಮುಂದೆ ಬೇಕಾಗುತ್ತೆ ಅಂತ ಸ್ಪೇರ್ ಇಟ್ಟಿದ್ದು.” ಸ್ಪೇರ್‌ಗೆ ಯಾರಾದರೂ ಗೀಸರ್ ಅಂತ ಹೆಸರು ಬರೆಯುತ್ತಾರಾ? ಕೊನೆಗೆ, “ಏನೂ ಸುಟ್ಟಿಲ್ಲ ಅಲ್ವಾ? ಯಾಕಿಷ್ಟು ಟೆನ್ಷನ್? ಯಜಮಾನ್ರಿಗೆ ಫೋನ್ ಕೊಡಿ, ಅವರ ಹತ್ತಿರ ಮಾತಾಡ್ತೀನಿ” ಅಂದರು. ಮಾತಾಡಿದ್ದು ನಾನು, ಕೆಲಸ ಒಪ್ಪಿಸಿದ್ದು ನಾನು, ದುಡ್ಡು ಕೊಟ್ಟಿದ್ದು ನಾನು. ತಪ್ಪು ಸಿಕ್ಕಿಬಿದ್ದಾಗ ಮಾತ್ರ ಯಜಮಾನರು ಬೇಕು.

ಈಗ ಡಿಬಿಯಿಂದ ಗೀಸರಿಗೇ 2.5 ಸ್ಕ್ವೇರ್ ಎಂಎಂ ವೈರ್ ಬಂದಿದೆ, ಜೊತೆಗೆ ಅರ್ತ್ ವೈರ್, 16 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಡ್ರೈಯರ್ ಪಾಯಿಂಟನ್ನೂ ಲೈಟಿನ ಲೈನಿನಿಂದ ತೆಗೆಸಿದ್ದೇವೆ. ಲೈಟಿಗೆ ಮತ್ತೆ 6 ಆಂಪಿಯರಿನ ಎಂಸಿಬಿ. ಗೀಸರಿನ ಸ್ವಿಚ್ ಬಾತ್‌ರೂಮಿನ ಹೊರಗೆ. ಶವರಿನ ಹತ್ತಿರದ ಲೈಟಿಗೆ ನೀರು ಎರಚಿದರೂ ತಡೆಯುವ ಐಪಿ44 ಫಿಟ್ಟಿಂಗ್ ಹಾಕಿಸಿದ್ದೇವೆ. ಮೊದಲೇ ಆಗಬೇಕಾಗಿದ್ದ ಕೆಲಸಕ್ಕೆ ಎರಡನೇ ಸಲ ದುಡ್ಡು!

ನೀವು ಮಾಡಬೇಕಾದ್ದು ಇಷ್ಟು. ಗೀಸರ್ ಆನ್ ಮಾಡಿ, ಲೈಟಿನ ಎಂಸಿಬಿ ಇಳಿಸಿ. ಗೀಸರಿನ ದೀಪವೂ ಆರಿದರೆ ನಿಮಗೂ ಇದೇ ಮೋಸ ಆಗಿದೆ, ಸರಿಮಾಡಿಸುವ ತನಕ ಗೀಸರ್ ಬಳಸಬೇಡಿ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ಯಾರಾದರೂ ದೊಡ್ಡದು ಹಾಕಲು ಬಂದರೆ ಬಾಗಿಲಲ್ಲೇ ನಿಲ್ಲಿಸಿ, ವೈರ್ ಎಷ್ಟು ದಪ್ಪ ಇದೆ ಅಂತ ಕೇಳಿ. ಗೋಡೆ ಮುಚ್ಚುವ ಮುಂಚೆ ಪೈಪು, ವೈರಿನ ಫೋಟೋ ತೆಗೆದಿಡಿ. ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ, ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಮತ್ತೆ, ‘ಅಡ್ಜಸ್ಟ್’ ಅನ್ನುವ ಎಲೆಕ್ಟ್ರಿಷಿಯನ್ ಸಹವಾಸವೇ ಬೇಡ.

ದುಡ್ಡು ವಾಪಸ್ ಕೇಳಿದ್ದೇನೆ. “ನಮ್ಮ ಕೆಲಸಕ್ಕೆ ಬೇರೆಯವರು ಕೈ ಹಾಕಿದ ಮೇಲೆ ಜವಾಬ್ದಾರಿ ನಮ್ಮದಲ್ಲ” ಅಂತ ಬರೆದಿದ್ದಾರೆ. ಬಿಲ್ಲು, ಫೋಟೋ, ಕಂದಾದ ವೈರಿನ ತುಂಡು ಎಲ್ಲಾ ನನ್ನ ಹತ್ತಿರ ಇದೆ. ನಾನು ಬಿಡುವುದಿಲ್ಲ.